ನಿಧಾನವಾಗಿ ತಣಿಯಬೇಕಿದ್ದ ಬಿಲ್ಲೆ

ಗಿರಿಜಾ ಮೇಡಂ ಅವರನ್ನು ನೆನೆದರೆ ನನಗೆ ಮೊದಲು ಬರುವುದು ಅವರ ಮುಖವಲ್ಲ, ಕತ್ತಲಲ್ಲಿ ಕೋಡುಬಳೆ ಮುರಿಯುವ ಸದ್ದು. ಬಸವನಗುಡಿಯ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಹಿಂದೆ ಒಂದು ಚಿಕ್ಕ ಕೋಣೆ ಇತ್ತು. ಅದರ ಕಿಟಕಿಗೆ ಹಲಗೆ ಹೊಡೆಸಿ, ಬಾಗಿಲ ಸಂದಿಗೆಲ್ಲ ಕಪ್ಪು ಬಟ್ಟೆ ತುರುಕಿ, ಮಟಮಟ ಮಧ್ಯಾಹ್ನದಲ್ಲೂ ನಮ್ಮ ಕೈ ನಮಗೇ ಕಾಣದ ಹಾಗೆ ಮಾಡಿಸಿಕೊಂಡಿದ್ದರು. ಅವರು ಅಲ್ಲಿ ಪ್ರಾಧ್ಯಾಪಕಿ, ನಾನು ಅಟೆಂಡರ್. ಇಪ್ಪತ್ತಾರು ವರ್ಷ ನಾವಿಬ್ಬರೂ ಆ ಕತ್ತಲಲ್ಲಿ ಕೂತು ಕೆಲಸ ಮಾಡಿದೆವು.

ಒಳಗೆ ಹೋಗುವ ಮೊದಲು ಅವರು ಕೈಗಡಿಯಾರ ಬಿಚ್ಚಿ ಹೊರಗಿನ ಮೇಜಿನ ಮೇಲೆ ಇಡುತ್ತಿದ್ದರು. ಅದರ ಮುಳ್ಳಿನ ಹಸಿರು ಹೊಳಪೂ ಒಳಗೆ ಬರಕೂಡದು. ಬಾಗಿಲು ಹಾಕಿದ ಮೇಲೆ ಹದಿನೈದು ನಿಮಿಷ ಏನೂ ಮಾಡುವಂತಿಲ್ಲ.

"ಕಣ್ಣಿಗೆ ಸ್ವಲ್ಪ ಟೈಮ್ ಕೊಡಿ ಮುನಿರಾಜು. ಬಿಸಿಲಿಂದ ಈಗಷ್ಟೇ ಬಂದಿದೆ ಪಾಪ."

ಆ ಹದಿನೈದು ನಿಮಿಷದಲ್ಲಿ ಸ್ಟೀಲ್ ಡಬ್ಬಿ ತೆರೆಯುವ ಸದ್ದು, ಆಮೇಲೆ ಕಟಕ್ ಅಂತ ಕೋಡುಬಳೆ. ಅವರ ತಮ್ಮನ ಹೆಂಡತಿ ಶಾರದಮ್ಮ ಚಾಮರಾಜಪೇಟೆಯ ಮನೆಯಿಂದ ಕಟ್ಟಿ ಕಳಿಸುತ್ತಿದ್ದದ್ದು. ಮೇಡಂ ಮದುವೆಯಾಗಿರಲಿಲ್ಲ. ಅವರ ಮನೆಯವರು ಮೂರು ತಲೆಮಾರಿನಿಂದ ಪೇಟೆಯಲ್ಲಿ ಬಟ್ಟೆ ವ್ಯಾಪಾರದವರು. ಹಣೆಯ ಮೇಲೆ ಸಣ್ಣಗೆ ವಿಭೂತಿ, ಗಂಜಿ ಹಾಕಿದ ಹತ್ತಿ ಸೀರೆ. ಕಾಲೇಜಿನಲ್ಲಿ ನನ್ನನ್ನು "ನೀವು" ಅನ್ನುತ್ತಿದ್ದವರು ಅವರೊಬ್ಬರೇ.

ಆ ಕೋಣೆಗೆ ಅವರು ಒಂದು ನಿಯಮ ಮಾಡಿದ್ದರು. ಕತ್ತಲಲ್ಲಿ ಯಾರು ಅಲುಗಾಡಿದರೂ ಮೊದಲು ಬಾಯಲ್ಲಿ ಹೇಳಬೇಕು. ಅಲ್ಲಿ ಕಾದ ತಾಮ್ರವಿತ್ತು, ಗಾಜಿತ್ತು, ವೈರುಗಳಿದ್ದವು. "ಎಡಗೈ ಚಾಚ್ತಿದೀನಿ" ಅನ್ನುತ್ತಿದ್ದರು. "ಏಳ್ತಿದೀನಿ." "ನಿಮ್ಮ ಹಿಂದೆ ಬರ್ತಿದೀನಿ." ಈ ಅಭ್ಯಾಸ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಗವಿಪುರದ ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ ನಾನು "ಬಲಗೈ ಚಾಚ್ತಿದೀನಿ" ಅಂದರೆ ನನ್ನ ಹೆಂಡತಿ ನಗುತ್ತಿದ್ದಳು. "ಚಾಚಿ ಚಾಚಿ, ಬೆಂಕಿಪೊಟ್ಟಣ ಅಲ್ಲೇ ಇದೆ. ಅದಕ್ಕೆ ಅಪ್ಪಣೆ ಯಾಕ್ರೀ?"

ಅವರು ಏನು ಮಾಡುತ್ತಿದ್ದರು ಎಂದು ಹೇಳಬೇಕು. ನಾನು ಎಸ್ಸೆಸ್ಸೆಲ್ಸಿ ಓದಿದವನು. ಅವರು ನನಗೆ ಹೇಳಿಕೊಟ್ಟ ಹಾಗೆಯೇ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವಾರ ಅವರು ಕೇಳಿದರು, "ನಿಮ್ಮ ತಂದೆ ಏನ್ ಮಾಡ್ತಾರೆ?"

"ಗಾಂಧಿ ಬಜಾರಲ್ಲಿ ನಿಂಬೆಹಣ್ಣು ಮಾರ್ತಾರೆ ಮೇಡಂ."

"ಹೇಗೆ ಜೋಡಿಸ್ತಾರೆ?"

ಇದೇನು ಪ್ರಶ್ನೆ ಅನ್ನಿಸಿತು. "ಕೆಳಗಡೆ ಸಾಲು, ಅದರ ಸಂದಿ ಮೇಲೆ ಇನ್ನೊಂದು ಸಾಲು" ಎಂದೆ.

"ಹಣ್ಣಿನ ನೆತ್ತಿ ಮೇಲೇ ಹಣ್ಣು ಇಟ್ರೆ?"

"ನಿಲ್ಲಲ್ಲ ಮೇಡಂ. ಸ್ವಲ್ಪ ಅಲುಗಾಡಿದ್ರೂ ಸಂದಿಗೆ ಇಳಿದುಬಿಡುತ್ತೆ."

"ಅಷ್ಟೇ ಮುನಿರಾಜು. ಕಲ್ಲು, ಉಪ್ಪು, ಎಲ್ಲದರ ಒಳಗೂ ಹಾಗೆ ಕಣಗಳು ಕೂತಿರುತ್ತೆ. ಬಿಸಿ ಮಾಡ್ತಾ ಹೋದ್ರೆ ಒಂದು ಶಾಖದಲ್ಲಿ, ಕರಗೋಕೆ ಮುಂಚೆನೇ, ಕೂತಿರೋ ರೀತಿ ಬದಲಾಗ್ಬಿಡುತ್ತೆ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಅದೇ ಬಿಳಿ, ಅದೇ ಗಟ್ಟಿ."

"ಮತ್ತೆ ನಮಗೆ ಹೇಗೆ ಗೊತ್ತಾಗುತ್ತೆ?"

ಆ ಪ್ರಶ್ನೆಗೆ ಅವರು ಖುಷಿಯಾದರು. ಬಿಳಿ ಪುಡಿಗೆ ಅವರು ಚಿಟಿಕೆಗಿಂತಲೂ ಕಡಿಮೆ ಬೇರೊಂದು ಧಾತು ಸೇರಿಸಿ, ಅರೆದು, ಒತ್ತಿ, ಫರ್ನೇಸಿನಲ್ಲಿ ಸುಟ್ಟು ಗುಂಡಿಯಷ್ಟು ಅಗಲದ ಬಿಲ್ಲೆ ಮಾಡುತ್ತಿದ್ದರು. ಅದರ ಮೇಲೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟರೆ ಬಿಲ್ಲೆ ಕೆಂಡದ ಹಾಗೆ ಕೆಂಪಗೆ ಬೆಳಗುತ್ತಿತ್ತು. ಬೆಳಗುತ್ತಿದ್ದದ್ದು ಆ ಹೊರಗಿನ ಧಾತು. ಸುತ್ತಲಿನ ಜೋಡಣೆ ಬದಲಾದ ಕ್ಷಣ ಅದರ ಬೆಳಕು ದಡಕ್ಕನೆ ಇಳಿಯುತ್ತಿತ್ತು.

"ಮನೆಯಲ್ಲಿ ಏನೋ ಆಗಿದೆ ಅಂದ್ರೆ ಮನೆಯೋರು ಬಾಯಿ ಬಿಡಲ್ಲ. ಬಂದಿರೋ ನೆಂಟನ ಮುಖ ನೋಡಬೇಕು" ಎಂದರು.

ಕಾಯಿಸುವ ತಾಮ್ರದ ಬ್ಲಾಕಿನೊಳಗೆ ಕೂರಿಸಿದ ಬಿಲ್ಲೆಯನ್ನು ಅವರು ಒಂದು ಸಣ್ಣ ಕಿಂಡಿಯಿಂದ ಕಣ್ಣಲ್ಲೇ ನೋಡುತ್ತಿದ್ದರು. ನಾನು ಮೀಟರುಗಳ ಮೇಲೆ ಹೊದಿಸಿದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಕಾಗದ ಸುತ್ತಿದ ಟಾರ್ಚ್ ಹಿಡಿದು, ಶಾಖ ಎಷ್ಟು, ಬೆಳಕು ಎಷ್ಟು, ಗಂಟೆ ಎಷ್ಟು ಎಂದು ಬರೆದುಕೊಳ್ಳುತ್ತಿದ್ದೆ. ನಿಮಿಷಕ್ಕೆ ಒಂದೇ ಡಿಗ್ರಿ. ಮೊದಲು ಏರಿಕೆ, ಆಮೇಲೆ ಅಷ್ಟೇ ನಿಧಾನವಾಗಿ ಇಳಿಕೆ. ಇಳಿಯುವಾಗ ಆ ಬದಲಾವಣೆ ಕೆಲವು ಡಿಗ್ರಿ ತಡವಾಗಿ ಬರುತ್ತಿತ್ತು. ಆ ಅಂತರವೇ ಅವರಿಗೆ ಬೇಕಾದದ್ದು. "ಆತುರ ಮಾಡಿದ್ರೆ ವಸ್ತು ಸುಳ್ಳು ಹೇಳುತ್ತೆ" ಎಂದು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಯಾವುದನ್ನೂ ಮೂರು ಸಲ ಮಾಡದೆ ನಂಬುತ್ತಿರಲಿಲ್ಲ.

ರೀಡಿಂಗ್ ಪುಸ್ತಕದ ಪ್ರತಿ ಪುಟದ ಕೆಳಗೆ ಎರಡು ಸಹಿ, ಬರೆದವನದು ಒಂದು, ನೋಡಿದವರದು ಇನ್ನೊಂದು. ಮೊದಲ ವರ್ಷ ನಾನು ಒಂದು ಅಂಕಿಯನ್ನು ರಬ್ಬರಿನಿಂದ ಅಳಿಸಿ ಸರಿ ಮಾಡಿದ್ದೆ. ಅವರು ಪುಟವನ್ನು ಬೆಳಕಿಗೆ ಹಿಡಿದು ಕಂಡುಹಿಡಿದರು.

"ಇದನ್ನ ಯಾಕೆ ಅಳಿಸಿದ್ರಿ?"

"ತಪ್ಪಾಗಿತ್ತು ಮೇಡಂ."

"ತಪ್ಪೂ ಇಲ್ಲೇ ನಡೆದಿದ್ದಲ್ವಾ? ಒಂದು ಗೆರೆ ಎಳೀರಿ, ಪಕ್ಕದಲ್ಲಿ ಸರಿಯಾಗಿದ್ದು ಬರೀರಿ, ಸಹಿ ಹಾಕಿ. ತಪ್ಪನ್ನ ಒಳಗೇ ಮುಚ್ಚಿಟ್ಕೊಂಡ್ರೆ ಪುಸ್ತಕಕ್ಕೆ ಅಜೀರ್ಣ ಆಗುತ್ತೆ."

ಇಬ್ಬರೂ ನಕ್ಕೆವು. ಆ ಮಾತು ಮುಂದೆ ನನಗೆ ಏನಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅವರ ನಿವೃತ್ತಿಗೆ ಇನ್ನೂ ಎಂಟು ವರ್ಷ ಇದ್ದಾಗ ಅದು ನಡೆಯಿತು. ಹೊಸದೊಂದು ಮಿಶ್ರಣದ ಬಿಲ್ಲೆ. ಅದರ ಪುಡಿ ಮುಗಿದು ಒಂದೇ ಬಿಲ್ಲೆ ಉಳಿದಿತ್ತು. ಆ ವಾರವೇ ಲೇಖನ ಕಳಿಸಬೇಕಿತ್ತು. ಮಧ್ಯಾಹ್ನ ಏರಿಕೆ ಮುಗಿಯಿತು, ನೂರ ಇಪ್ಪತ್ತೆರಡಕ್ಕೆ ಬೆಳಕು ಇಳಿಯಿತು. ಅಷ್ಟರಲ್ಲಿ ಅವರಿಗೆ ವಿಶ್ವವಿದ್ಯಾಲಯದಲ್ಲಿ ಒಂದು ಸಭೆ.

"ಇಳಿಕೆ ನೀವೇ ನೋಡ್ಕೊಳ್ಳಿ ಮುನಿರಾಜು. ನಿಮಗೆ ಹೇಳೋದೇನಿದೆ" ಎಂದು ಹೊರಟರು.

ನೂರ ಅರವತ್ತರಿಂದ ಅರವತ್ತಕ್ಕೆ ಇಳಿಸಲು ಒಂದು ಗಂಟೆ ನಲವತ್ತು ನಿಮಿಷ ಬೇಕು. ನಮ್ಮ ಬೀದಿಗೆ ಆಗ ದಿನ ಬಿಟ್ಟು ದಿನ ಮೂರೂವರೆಗೆ ನೀರು ಬರುತ್ತಿತ್ತು, ಅದೂ ಮುಕ್ಕಾಲು ಗಂಟೆ. ಹೆಂಡತಿ ತವರಿಗೆ ಹೋಗಿದ್ದಳು. ನಾನು ಹೋಗಿ ಡ್ರಮ್ ತುಂಬಿಸದಿದ್ದರೆ ಎರಡು ದಿನ ಮನೆಯಲ್ಲಿ ನೀರಿಲ್ಲ. ಕಾರಣ ಇಷ್ಟೇ. ಯಾರಿಗೂ ಕಾಯಿಲೆಯಿರಲಿಲ್ಲ, ಯಾವ ಆಪತ್ತೂ ಇರಲಿಲ್ಲ.

ಶಾಖ ನೂರ ನಲವತ್ತಕ್ಕೆ ಬಂದಾಗ ನಾನು ಪ್ರಯೋಗಾಲಯದ ಟೇಬಲ್ ಫ್ಯಾನ್ ತಂದು ತಾಮ್ರದ ಬ್ಲಾಕಿನ ಮುಂದೆ ಇಟ್ಟು ಹಾಕಿದೆ. ಒಬ್ಬನೇ ಇದ್ದೆ, ಹಾಗಾಗಿ ಬಾಯಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ಶಾಖ ಸರಸರ ಇಳಿಯಿತು. ತೊಂಬತ್ತೆಂಟಕ್ಕೆ ಬೆಳಕು ಬದಲಾಯಿತು. ಜೊತೆಗೆ ಟಿಕ್ ಅಂತ ಸಣ್ಣ ಸದ್ದು. ಬಿಲ್ಲೆಯಲ್ಲಿ ಬಿರುಕು ಬಿಟ್ಟಿತ್ತು.

ಅರವತ್ತಕ್ಕೆ ಬಂದ ಮೇಲೆ ಹೊರಗಿನ ಮೇಜಿನಲ್ಲಿ ಕೂತು, ಗಂಟೆಯ ಅಂಕಣವನ್ನು ನಿಮಿಷಕ್ಕೆ ಒಂದು ಡಿಗ್ರಿಯ ಹಾಗೆ ನಾನೇ ತುಂಬಿದೆ. ಅಕ್ಷರ ದುಂಡಗೆ ಬಂದಿತ್ತು. ಸಹಿ ಹಾಕಿ, ಸೈಕಲ್ ಹತ್ತಿ ಹೋಗಿ ನೀರು ಹಿಡಿದೆ.

ಮರುದಿನ ಬೆಳಿಗ್ಗೆ ಮೇಡಂ ಪುಟ ನೋಡಿ ಕೂತಲ್ಲಿಂದ ಎದ್ದರು. ಇಪ್ಪತ್ತನಾಲ್ಕು ಡಿಗ್ರಿ ಅಂತರ! ಅಂಥದ್ದನ್ನು ಅವರು ನೋಡಿಯೇ ಇರಲಿಲ್ಲ.

"ಇಳಿಕೆ ವೇಗ ಸರಿಯಾಗಿತ್ತಾ?"

"ಸರಿಯಾಗಿತ್ತು ಮೇಡಂ."

ಬಿಲ್ಲೆ ಒಡೆದಿತ್ತು, ಪುಡಿ ಮುಗಿದಿತ್ತು, ಎರಡನೇ ಸಲ ಮಾಡಲು ಏನೂ ಉಳಿದಿರಲಿಲ್ಲ. ಅವರು ತಮ್ಮ ಮೂರು ಸಲದ ನಿಯಮ ಮುರಿದದ್ದು ಅದೊಂದೇ ಬಾರಿ. ತಾವು ನೋಡದ ಪುಟಕ್ಕೆ ನೋಡಿದವರ ಸಹಿ ಹಾಕಿದ್ದೂ ಅದೊಂದೇ ಬಾರಿ. ಲೇಖನ ಹೋಯಿತು, ಅಚ್ಚಾಯಿತು. ಡಬ್ಬಿಯಲ್ಲಿ ಆ ದಿನ ಕೋಡುಬಳೆ ಬದಲು ಹೋಳಿಗೆ ಬಂದಿತ್ತು. ಎರಡು ಹೋಳಿಗೆ ನನ್ನ ಕೈಗಿಟ್ಟು, "ನಿಮ್ಮ ತಾಳ್ಮೆ ಫಲ ಇದು" ಎಂದರು. ತಿಂದೆ.

ಒಂದು ವರ್ಷದ ಮೇಲೆ ಬೇರೆ ಊರಿನ ಪ್ರಯೋಗಾಲಯದವರು ಬರೆದರು. ಅದೇ ಮಿಶ್ರಣ, ಅದೇ ರೀತಿ, ಅವರಿಗೆ ಬಂದ ಅಂತರ ಐದು ಡಿಗ್ರಿ. ಮೇಡಂ ಹೊಸ ಬಿಲ್ಲೆ ಮಾಡಿ ನೋಡಿದರು. ಐದು ಡಿಗ್ರಿಯೇ ಬಂತು. ಇನ್ನೊಂದು ಮಾಡಿದರು, ಅದಕ್ಕೂ ಐದು.

ಆ ಸಂಜೆ ಅವರು ಪುಸ್ತಕ ತೆರೆದುಕೊಂಡು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಮುನಿರಾಜು, ಆವತ್ತು ನಾವು ಏನಾದ್ರೂ ಬೇರೆ ಮಾಡಿದ್ವಾ?"

ಆವತ್ತು ಅವರು ಅಲ್ಲಿ ಇರಲೇ ಇಲ್ಲ. ಆದರೂ "ನಾವು" ಎಂದರು. ನನ್ನ ಬಾಯಲ್ಲಿ ಉತ್ತರ ಸಿದ್ಧವಿತ್ತು.

"ಇಲ್ಲ ಮೇಡಂ."

ಮೊದಮೊದಲು ಕೆಲಸ ಹೋಗುತ್ತದೆ ಎಂಬ ಭಯ. ಆಮೇಲೆ ಆ ಭಯ ಹೋಗಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಭಯ ಬಂತು. ಅದು ದಿನ ಹೋದಷ್ಟೂ ಬೆಳೆಯುವಂಥದ್ದು.

ಅವರು ಪತ್ರಿಕೆಗೆ ತಾವೇ ಕಾಗದ ಬರೆದರು, ಆ ಅಂಕಿ ಮತ್ತೆ ಬರುತ್ತಿಲ್ಲ, ಅದನ್ನು ಅನುಮಾನದಿಂದ ನೋಡಿ ಎಂದು. ನನ್ನ ಹೆಸರು ಎಲ್ಲೂ ಇರಲಿಲ್ಲ. ಅವರ ಹತ್ತಿರ ಸಂಶೋಧನೆಗೆ ವಿದ್ಯಾರ್ಥಿಗಳು ಬರುವುದು ಕಡಿಮೆಯಾಯಿತು. ಆದರೆ ಹುಡುಕಾಟ ನಿಲ್ಲಲಿಲ್ಲ. ಮೊದಲ ಪುಡಿಯಲ್ಲೇ ಏನೋ ವಿಶೇಷ ಇದ್ದಿರಬೇಕು, ಯಾವುದೋ ಕಲ್ಮಶ, ಯಾವುದೋ ಹದ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು. ಬೇರೆ ಬೇರೆ ಕಡೆಯಿಂದ ಪುಡಿ ತರಿಸಿದರು. ಅರೆದರು, ಒತ್ತಿದರು, ಸುಟ್ಟರು. ನಾನು ಪಕ್ಕದಲ್ಲೇ ಕೂತು, ಈಗ ಒಂದು ನಿಮಿಷವೂ ತಪ್ಪದ ಹಾಗೆ ರೀಡಿಂಗ್ ಬರೆದೆ. ನನ್ನಷ್ಟು ಶ್ರದ್ಧೆಯ ಅಟೆಂಡರ್ ಆ ಕಾಲೇಜಿನಲ್ಲಿ ಇರಲಿಲ್ಲ.

ಒಮ್ಮೆ ಸ್ಟಾಫ್ ರೂಮಿಗೆ ಟೀ ತೆಗೆದುಕೊಂಡು ಹೋಗಿದ್ದೆ. ಒಬ್ಬ ಅಧ್ಯಾಪಕರು ಎಲ್ಲರಿಗೂ ಕೇಳುವ ಹಾಗೆ, "ಮೇಡಂ, ನಿಮ್ಮ ಕಳೆದುಹೋಗಿರೋ ಬಿಲ್ಲೆಗೆ ಪೇಪರಲ್ಲಿ ಜಾಹೀರಾತು ಕೊಡೋಣ್ವಾ?" ಎಂದರು.

"ಕೊಡಿ ಸಾರ್" ಎಂದರು ಮೇಡಂ. "ಗುರುತು ಬರೆಸಿ. ಬಿಳಿ ಮೈ, ಮಧ್ಯೆ ಒಂದು ಬಿರುಕು. ಹುಡುಕಿಕೊಟ್ಟೋರಿಗೆ ಕೋಡುಬಳೆ."

ಎಲ್ಲರೂ ನಕ್ಕರು, ಅವರೂ ನಕ್ಕರು. ನಾನು ಟೀ ಲೋಟಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟೆ.

ಅವರು ನಿವೃತ್ತರಾಗುವ ಹೊತ್ತಿಗೆ ಮೂವತ್ತೊಂದು ಬಿಲ್ಲೆಗಳಾಗಿದ್ದವು. ಹೋಗುವಾಗ ರೀಡಿಂಗ್ ಪುಸ್ತಕಗಳನ್ನು ಮನೆಗೆ ಒಯ್ದರು. ಮುಂದಿನ ವರ್ಷ ನನ್ನ ಕೆಲಸವೂ ಮುಗಿಯಿತು. ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದೆ. ಪ್ರತಿ ಸಲ ಹೇಳಬೇಕೆಂದು ಹೋಗುತ್ತಿದ್ದೆ, ಕಾಫಿ ಕುಡಿದು ಬರುತ್ತಿದ್ದೆ.

ಈ ವರ್ಷ ಅವರು ಹಾಸಿಗೆ ಹಿಡಿದರು. ಆ ಭಾನುವಾರ ಬಾಗಿಲು ತೆರೆದ ಶಾರದಮ್ಮ, "ಬನ್ನಿ ಮುನಿರಾಜು, ಈಗಷ್ಟೇ ನಿಮ್ಮ ವಿಷಯ ಮಾತಾಡ್ತಿದ್ರು. ಜಾಸ್ತಿ ಹೊತ್ತು ಮಾತಾಡಿಸ್ಬೇಡಿ" ಎಂದು ಒಳಗೆ ಕರೆದೊಯ್ದರು. ಮೇಡಂ ತುಂಬ ಸಣ್ಣಗಾಗಿದ್ದರು. ತಲೆದಿಂಬಿನ ಪಕ್ಕ ಅದೇ ಪುಸ್ತಕ ಇತ್ತು.

"ಮೂವತ್ತೆರಡನೇದು ಮಾಡೋಕಾಗ್ಲಿಲ್ಲ ನೋಡಿ" ಎಂದರು.

ಶಾರದಮ್ಮ ಅಡುಗೆಮನೆಗೆ ಹೋಗಿದ್ದರು. ನಾನು ಹೇಳಿಬಿಟ್ಟೆ. ಫ್ಯಾನು, ನೀರು, ಗಂಟೆಯ ಅಂಕಣ, ಎಲ್ಲ. ಮುಗಿದ ಮೇಲೆ ತಲೆಯೆತ್ತಲಿಲ್ಲ.

ಅವರು ಮೊದಲು ಕೇಳಿದ್ದು, "ಎಷ್ಟು ದೂರದಲ್ಲಿತ್ತು ಫ್ಯಾನು?"

"ಒಂದು ಮೊಳ ಮೇಡಂ."

"ಸ್ಪೀಡು?"

"ಮೂರು."

"ಎಷ್ಟು ಡಿಗ್ರಿಗೆ ಹಾಕಿದ್ರಿ?"

"ನೂರ ನಲವತ್ತಕ್ಕೆ."

ಅವರು ಕಣ್ಣು ಮುಚ್ಚಿ, ಒಂದೊಂದೇ ಮಾತಾಗಿ ಹೇಳುತ್ತಾ ಹೋದರು. "ಗಾಳಿಗೆ ಬ್ಲಾಕ್ ಬೇಗ ತಣ್ಣಗಾಯ್ತು. ಬಿಲ್ಲೆ ಇನ್ನೂ ಬಿಸಿ ಇತ್ತು. ಶಾಖ ಅಳೆಯೋ ತಂತಿ ಇದ್ದಿದ್ದು ಬ್ಲಾಕಲ್ಲಿ, ಬೆಳಕು ಬರ್ತಿದ್ದಿದ್ದು ಬಿಲ್ಲೆಯಿಂದ. ಅದಕ್ಕೇ ತೊಂಬತ್ತೆಂಟು." ಒಂದು ಗಳಿಗೆ ಅವರ ಮುಖ ಆ ಕೋಣೆಯ ದಿನಗಳ ಹಾಗೆ ಆಯಿತು, ಗಂಟು ಬಿಚ್ಚಿದವರ ಮುಖ. ಆಮೇಲೆ ಅದೂ ಹೋಯಿತು. ಗೋಡೆಯ ಕಡೆ ತಿರುಗಿದರು.

"ಪುಡಿನ ಅನುಮಾನಿಸ್ದೆ. ಫರ್ನೇಸ್ ಅನುಮಾನಿಸ್ದೆ. ಕೊನೆಗೆ ನನ್ನ ಕಣ್ಣನ್ನೇ ಅನುಮಾನಿಸ್ದೆ, ಡಾಕ್ಟರಿಗೆ ತೋರಿಸ್ದೆ. ನಿನ್ನೊಬ್ಬನ್ನ ಬಿಟ್ಟಿದ್ದೆ."

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಆಗ ಮಾತ್ರ.

"ತಪ್ಪಾಯ್ತು ಮೇಡಂ. ಕ್ಷಮಿಸಿಬಿಡಿ" ಎಂದೆ.

"ಪುಸ್ತಕ ತಗೊಳ್ಳಿ. ಬರೀರಿ."

ನಾನು ಆ ಪುಟ ತೆರೆದೆ. ದುಂಡನೆಯ ಅಂಕಿಗಳ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಸಮಯ ನಿಜವಲ್ಲ. ನೂರ ನಲವತ್ತರಿಂದ ಟೇಬಲ್ ಫ್ಯಾನ್, ಒಂದು ಮೊಳ, ಮೂರನೇ ಸ್ಪೀಡ್. ಸಹಿ ಹಾಕಿ ಅವರ ಕೈಗೆ ಪೆನ್ನು ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

"ನೋಡ್ದೆ ಸಹಿ ಹಾಕಲ್ಲ. ಒಂದ್ಸಲ ಹಾಕಿ ಸಾಕಾಗಿದೆ. ಆ ಮೂವತ್ತೊಂದು ಬಿಲ್ಲೆ ಇನ್ನೂ ಕಾಲೇಜಲ್ಲೇ ಇದೆಯಲ್ಲ, ಒಂದಕ್ಕೆ ಫ್ಯಾನ್ ಇಟ್ಟು ಮಾಡಿ ತನ್ನಿ."

"ಕ್ಷಮಿಸಿದ್ದೀನಿ ಅಂತ ಒಂದು ಮಾತು ಮೇಡಂ..."

"ಮೊದಲು ರೀಡಿಂಗ್ ತನ್ನಿ. ಆಮೇಲೆ ಅದಕ್ಕೆ ಉತ್ತರ ಕೊಡ್ತೀನಿ."

ಸೋಮವಾರವೇ ಕಾಲೇಜಿಗೆ ಹೋದೆ. ಮೇಡಂ ಅವರ ಕೊನೆಯ ವಿದ್ಯಾರ್ಥಿನಿ ನಾಗವೇಣಿ ಈಗ ಅಲ್ಲಿ ಅಧ್ಯಾಪಕಿ. ಈಗಿನ ಯಂತ್ರಕ್ಕೆ ಕತ್ತಲ ಕೋಣೆ ಬೇಡ, ಅದು ಕಂಪ್ಯೂಟರಿನಲ್ಲೇ ಗೆರೆ ಎಳೆದು ತೋರಿಸುತ್ತದೆ. ಹಳೆಯ ಕೋಣೆಯಲ್ಲಿ, ನಮ್ಮ ಬ್ಲಾಕು ಮೀಟರುಗಳ ಸುತ್ತ, ಮುರಿದ ಸ್ಟೂಲುಗಳನ್ನು ತುಂಬಿದ್ದರು. ನಾನು ವಿಷಯ ಹೇಳಿದಾಗ ನಾಗವೇಣಿ ಎದ್ದು ಆ ಕೋಣೆಯ ಬೀಗದ ಕೈ ತೆಗೆದುಕೊಂಡರು. ಬೈಯಲಿಲ್ಲ. "ಶುಕ್ರವಾರದೊಳಗೆ ಖಾಲಿ ಮಾಡಿಸ್ತೀನಿ ಮುನಿರಾಜಣ್ಣ" ಎಂದರು.

ಗುರುವಾರ ಬೆಳಿಗ್ಗೆ ಶಾರದಮ್ಮನ ಫೋನು ಬಂತು, ಮೇಡಂ ಹೋಗಿಬಿಟ್ಟರು ಎಂದು.

ಎರಡು ವಾರ ನಾನು ಎಲ್ಲೂ ಹೋಗಲಿಲ್ಲ. ಆಮೇಲೆ ಶಾರದಮ್ಮನೇ ಪುಸ್ತಕ ಕಳಿಸಿಕೊಟ್ಟರು. "ಮುನಿರಾಜು ಬಂದ್ರೆ ಕೊಡು ಅಂದಿದ್ರು" ಎಂದು ಫೋನಿನಲ್ಲಿ ಹೇಳಿದರು. ಬೇರೆ ಏನಾದರೂ ಹೇಳಿದ್ದರಾ ಎಂದು ಕೇಳಿದೆ. ಇಲ್ಲ ಎಂದರು.

ನಿನ್ನೆ ಮಧ್ಯಾಹ್ನ ನಾಗವೇಣಿಯೂ ನಾನೂ ಆ ಕೋಣೆಯ ಬಾಗಿಲು ಹಾಕಿಕೊಂಡೆವು. ಹದಿನೈದು ನಿಮಿಷ ಕೂತೆವು. ಕಪ್ಪು ಬಟ್ಟೆಯಲ್ಲಿ ಇನ್ನೂ ಅದೇ ವಾಸನೆ. ಬಿಲ್ಲೆ ಕೆಂಪಗೆ ಬೆಳಗಿತು. ಏರಿಕೆಯಲ್ಲಿ ನೂರ ಇಪ್ಪತ್ತೆರಡು. ಇಳಿಕೆಯಲ್ಲಿ ಮೀಟರು ನೂರ ನಲವತ್ತಕ್ಕೆ ಬಂದಾಗ ನಾನು ಕತ್ತಲಿಗೆ ಹೇಳಿದೆ.

"ಬಲಗೈ ಚಾಚ್ತಿದೀನಿ. ಫ್ಯಾನ್ ಹಾಕ್ತಿದೀನಿ."

ಕಿಂಡಿಯ ಹತ್ತಿರ ಕೂತಿದ್ದ ನಾಗವೇಣಿ "ಹ್ಞೂಂ" ಎಂದರು.

ತೊಂಬತ್ತೊಂಬತ್ತಕ್ಕೆ ಬೆಳಕು ಬದಲಾಯಿತು. ಟಿಕ್ ಎಂದಿತು. ಪುಡಿಯಲ್ಲಿ ಏನೂ ಇರಲಿಲ್ಲ, ಫರ್ನೇಸಿನಲ್ಲಿ ಏನೂ ಇರಲಿಲ್ಲ, ಅವರ ಕಣ್ಣಿನಲ್ಲಿ ಏನೂ ಇರಲಿಲ್ಲ.

ಪುಟ ಬರೆದು ಸಹಿ ಹಾಕಿದೆ. ನೋಡಿದವರ ಜಾಗದಲ್ಲಿ ನಾಗವೇಣಿ ಸಹಿ ಹಾಕಿದರು. ನಿಜಕ್ಕೂ ನೋಡಿದವರು ಅವರೇ. ಹಿಂದಕ್ಕೆ ತಿರುಗಿಸಿದರೆ ಗೆರೆ ಎಳೆದ ಆ ಇನ್ನೊಂದು ಪುಟ, ಅದರ ಕೆಳಗೆ ಗಿರಿಜಾ ಮೇಡಂ ಅವರ ಸಹಿ, ಅವರು ನೋಡದೇ ಇದ್ದದ್ದಕ್ಕೆ.

ನಾಗವೇಣಿ ಬಾಗಿಲು ತೆರೆದು, "ಬಂತಲ್ಲ ಮುನಿರಾಜಣ್ಣ, ಇನ್ನೇನು? ಬನ್ನಿ, ಕಾಫಿ ಕುಡಿಯೋಣ" ಎಂದರು.

ನಾನು ಫ್ಯಾನ್ ಆರಿಸಿದೆ. ಮೀಟರು ತೊಂಬತ್ತರ ಹತ್ತಿರ ನಿಂತಿತ್ತು.

"ನೀವು ನಡೀರಿ ಮೇಡಂ" ಎಂದೆ. "ಇದಿನ್ನೂ ತಣ್ಣಗಾಗಬೇಕು. ನಾನು ಇದ್ದು ಬರ್ತೀನಿ."